ಅದಿಯಮಾನ್‌ಕೋಟೆಯೂ ಹೆಸರಿಲ್ಲದ ಹಾಡುಗಳೂ

ಧರ್ಮಪುರಿಯಿಂದ ಸೇಲಂ ಕಡೆಗೆ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲೇ ಅದಿಯಮಾನ್‌ಕೋಟೆ ಎದುರಾಗುತ್ತದೆ. ತಗಡೂರನ್ನು ಆಳಿದ, ಔವೈಯಾರರಿಗೆ ನೆಲ್ಲಿಕಾಯಿ ಕೊಟ್ಟನೆಂದು ಪ್ರಸಿದ್ಧನಾದ ಸಂಗಂ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ವಂಶದ ಹೆಸರು ಈ ಊರಿಗೆ ನಿಂತಿದೆ. ಆ ತಗಡೂರೇ ಇಂದಿನ ಧರ್ಮಪುರಿ. ಇಲ್ಲಿನ ಕಾಲಭೈರವನ ಗುಡಿಯಲ್ಲಿ ಕೃಷ್ಣಪಕ್ಷದ ಅಷ್ಟಮಿಯಂದು ಬೂದುಗುಂಬಳಕಾಯಿಯಲ್ಲಿ ದೀಪ ಹಚ್ಚುವವರು ನೆರೆಯುತ್ತಾರೆ. ಹಳೆಯ ವರ್ಣಚಿತ್ರಗಳಿರುವ ಇನ್ನೊಂದು ಗುಡಿಯ ದೇವರು ಚೆನ್ನರಾಯ ಪೆರುಮಾಳ್. ಚನ್ನರಾಯಪಟ್ಟಣವನ್ನು ಬಲ್ಲ ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ.

9ನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ನೊಳಂಬರು ಧರ್ಮಪುರಿಯಲ್ಲಿ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ದಾನಶಾಸನವೆಂದರೆ ಕೊಟ್ಟವರಾರು, ಪಡೆದವರಾರು, ಕೊಟ್ಟದ್ದೇನು, ಯಾವಾಗ ಎಂಬುದರ ನಿಶ್ಚಿತ ದಾಖಲೆ. ಆದ್ದರಿಂದಲೇ ಸಾವಿರ ವರ್ಷಗಳ ಮೇಲೂ ಆ ಕಲ್ಲು ಸಾಕ್ಷಿ ನುಡಿಯುತ್ತದೆ. ವಕೀಲನಾದ ನನಗೆ ಈ ದಾರಿಯಲ್ಲಿ ಹೋಗುವಾಗಲೆಲ್ಲ ಅನಿಸುವುದಿಷ್ಟು: ನಮ್ಮ ಮನೆಗಳ ಮೊಬೈಲಿನಲ್ಲಿ, ಪೆನ್‌ಡ್ರೈವಿನಲ್ಲಿ ತುಂಬಿರುವ ಸಂಗೀತಕ್ಕೆ ಇಂತಹ ಒಂದು ಸಾಲಿನ ಶಾಸನವೂ ಇಲ್ಲ. ಅಜ್ಜಿ ಹಾಡಿದ ದೇವರನಾಮ ಅಲ್ಲಿ ಬರಿಯ ಒಂದು ಸಂಖ್ಯೆ. ಆ ದನಿಯನ್ನು ಗುರುತಿಸಬಲ್ಲವರು ಇರುವವರೆಗೆ ಮಾತ್ರ ಅದಕ್ಕೆ ಆಯುಷ್ಯ.

ಹೆಸರನ್ನು ಯಾವ ಲಿಪಿಯಲ್ಲಿ ಬರೆಯುತ್ತೇವೆ ಎಂಬುದೂ ಮುಖ್ಯ. ತಮಿಳಿನಲ್ಲಿ ತಕಾರ ದಕಾರಗಳಿಗೆ ಒಂದೇ ಅಕ್ಷರ. ಪಕಾರ ಭಕಾರಗಳಿಗೂ ಹಾಗೆಯೇ. ತಮಿಳರು ಸಂದರ್ಭದಿಂದ ಸರಿಯಾಗಿಯೇ ಓದುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ. ಒಂದೇ ತೋಡಿ ಪಟ್ಟಿಯಲ್ಲಿ ಎರಡು ಕಡೆ ಕುಳಿತಿರುತ್ತದೆ. ಕನ್ನಡದಲ್ಲಿ ಕೇಳಿದಂತೆಯೇ ಬರೆಯಬಹುದು. ಆದರೂ ಭೈರವಿ ಎಂದಷ್ಟೇ ಬರೆದರೆ ಸಾಲದು. ಕರ್ನಾಟಕ ಸಂಗೀತದ ಭೈರವಿ ಬೇರೆ, ಹಿಂದೂಸ್ತಾನಿಯದು ಬೇರೆ. ಎರಡನೆಯದರ ಸ್ವರಗಳು ನಮ್ಮ ತೋಡಿಗೆ ಹೊಂದುತ್ತವೆ. ಪದ್ಧತಿಯ ಹೆಸರೂ ಜೊತೆಗಿರಬೇಕು.

ಹಿಂದಿನ ಗಾಯಕಿಯರು ಊರನ್ನೇ ಹೆಸರಿನೊಡನೆ ಕಟ್ಟಿಕೊಂಡಿದ್ದರು. ಗ್ರಾಮಫೋನಿನ ಆರಂಭದ ದಿನಗಳಲ್ಲಿ ಹಾಡಿದ ಸೇಲಂ ಗೋದಾವರಿ, ಬೆಂಗಳೂರು ನಾಗರತ್ನಮ್ಮ ಅಂಥವರು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡ ಆ ಗಾಯಕಿಯ ಗುರುತು ಹಾಡಿನೊಳಗೇ ಉಳಿದಿದೆ.

ಈ ಉಪಾಯ ನಮಗೂ ಒದಗುತ್ತದೆ. ಮನೆಯಲ್ಲಿ ಹಿರಿಯರ ಹಾಡನ್ನು ಹಿಡಿಯುವಾಗ ಮೊದಲು ಮಗುವೇ ಕನ್ನಡದಲ್ಲಿ ಹಾಡುವವರ ಹೆಸರು, ಊರು, ದಿನಾಂಕ ಹೇಳಲಿ. ಕಡತದ ಹೆಸರು ಅಳಿಸಿದರೂ ದನಿ ಉಳಿಯುತ್ತದೆ. ಹೆಸರು ಬರೆಯುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಎರಡೆರಡು ಅಂಕಿ ಬಳಸಿದರೆ ಕಡತಗಳು ತಾವೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ವರ್ಷಕ್ಕೆ ಮಾತ್ರ ನಾಲ್ಕಂಕಿ ಇರಲಿ. ಬಳಿಕ ಹಾಡಿನ ಮೊದಲ ಮಾತು, ರಚಿಸಿದವರು, ರಾಗ, ತಾಳ, ಹಾಡಿದವರು. ದಾಸರ ಪದಗಳಲ್ಲಿ ಅಂಕಿತವೇ ರಚನಕಾರರ ಸಹಿ: ಪುರಂದರ ವಿಠಲ, ವಿಜಯ ವಿಠಲ, ಕಾಗಿನೆಲೆ ಆದಿಕೇಶವ. ಒಂದೇ ಪದವನ್ನು ಬೇರೆಬೇರೆ ಗಾಯಕರು ಬೇರೆಬೇರೆ ರಾಗದಲ್ಲಿ ಹಾಡುವುದರಿಂದ, ರಾಗವನ್ನು ಆ ದಿನದ ಹಾಡಿಕೆಗೆ ಸೇರಿಸಿ ಬರೆಯಬೇಕು.

ನ್ಯಾಯಾಲಯದಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಅಂತರವಿದೆ. ಇಲ್ಲಿಯೂ ಹಾಡಿದವರೇ ಹೇಳಿದ ರಾಗವನ್ನು ಹಾಗೆಯೇ ಬರೆಯಿರಿ. ಕೇಳಿದವರು ಊಹಿಸಿದ್ದರ ಮುಂದೆ ‘ಊಹೆ’ ಎಂದು ಸೇರಿಸಿರಿ. ಮೂಲ ಕಡತವನ್ನು ತಿದ್ದದೆ, ಎರಡು ಬೇರೆ ಜಾಗಗಳಲ್ಲಿ ಪ್ರತಿ ಇಡಿರಿ.

ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಈ ಸೀಮೆಯ ಬೀದಿಯಲ್ಲಿ ಕನ್ನಡ ಬರೆಯುವ ಅವಕಾಶ ಕಡಿಮೆ. ರಜೆಯಲ್ಲಿ ದಿನಕ್ಕೆ ಐದು ಹಾಡಿಗೆ ಅವರು ಹೆಸರು ಬರೆಯಲಿ; ಹೇಳಿಕೊಡಲು ಅಜ್ಜಿ ಪಕ್ಕದಲ್ಲಿ ಕೂತಿರಲಿ.