ದಾದಿಯ ಹೆಬ್ಬೆಟ್ಟು

ಹೋದ ತಿಂಗಳು ದಾದಿಯ ಪಿಂಚಣಿ ತರಲು ಅವರ ಜೊತೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಚೀಟಿ ನೋಡಿ, "ಸಹಿಯಾ, ಹೆಬ್ಬೆಟ್ಟಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಒಬ್ಬರು, "ನೋಡಿದ್ರೆ ಗೊತ್ತಾಗಲ್ವಾ ಸಾರ್, ಹೆಬ್ಬೆಟ್ಟೇ" ಎಂದು ನಕ್ಕರು.

ಹೊರಗೆ ಬಂದ ಮೇಲೆ ದಾದಿ, "ಕ್ಯಾ ಬೋಲ್ರೇ ಬೇಟಾ ಉನೋ?" ಎಂದರು. ನಮ್ಮ ಮನೆಮಾತು ಉರ್ದು. ದಾದಿಗೆ ಬರುವ ಕನ್ನಡ ಜೋಗುಪಾಳ್ಯದ ತರಕಾರಿ ಗಾಡಿಯವರ ಜೊತೆ ಚೌಕಾಸಿ ಮಾಡುವಷ್ಟು. ಉರ್ದುವಿನಲ್ಲೂ ಇದೇ ಬೈಗುಳ ಇದೆ: ಅಂಗೂಠಾ ಛಾಪ್. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ದೊಡ್ಡ ಬೆರಳು ಅಂದ್ರು, ದಾದಿ" ಎಂದು ಸುಳ್ಳು ಹೇಳಿದೆ.

ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ನಿಘಂಟು ತೆಗೆದೆ. ಬೆಟ್ಟು ಎಂದರೆ ಬೆರಳು. 'ಬೆಟ್ಟು ಮಾಡಿ ತೋರಿಸು' ಎನ್ನುವಾಗ ಇರುವುದೂ ಅದೇ. ಹೆಬ್ಬಾಗಿಲು, ಹೆದ್ದಾರಿ, ಹೆಬ್ಬಾವು ಇರುವ ಹಾಗೆ, ಹಿರಿದಾದ ಬೆಟ್ಟು ಹೆಬ್ಬೆಟ್ಟು. ಅಂದರೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ!

ಹುಡುಕುತ್ತಾ ಹೋದರೆ ಬೆರಳಿನ ಪದಗಳು ಬಹಳ ತಮಾಷೆಯವು. ಬೆರಳಚ್ಚು ಎಂದರೆ ಟೈಪಿಂಗ್. ಅದು ಬಂದರೆ ಆಫೀಸಿನಲ್ಲಿ ಕೆಲಸ ಸಿಗಬಹುದು. ಓದು ಬಾರದವರು ಶಾಯಿ ಹಚ್ಚಿ ಒತ್ತುವುದೂ ಬೆರಳಚ್ಚೇ. ಪದ ಒಂದೇ, ಮರ್ಯಾದೆ ಮಾತ್ರ ಬೇರೆ ಬೇರೆ.

ಸಿತಾರ್ ನುಡಿಸುವವರು ತೋರುಬೆರಳಿಗೆ ತೊಡುವ ತಂತಿಯ ಉಗುರಿಗೆ ಮಿಜ್ರಾಬ್ ಎನ್ನುತ್ತಾರೆ. ಅದರ ಮೂಲ ಅರಬ್ಬಿಯ 'ಜರ್ಬ್', ಎಂದರೆ ಹೊಡೆತ. ಇಲ್ಲಿ ನಮ್ಮ ಕಾಮರ್ಸ್ ವಿಭಾಗದವರು ಸ್ವಲ್ಪ ಕಿವಿ ಕೊಡಬೇಕು. ಉರ್ದು ಮಾಧ್ಯಮದಲ್ಲಿ ಓದಿದ ಅಬ್ಬಾ ಮಗ್ಗಿ ಹೇಳಿಸುವಾಗ ಗುಣಾಕಾರಕ್ಕೂ ಜರ್ಬ್ ಎಂದೇ ಹೇಳುತ್ತಿದ್ದರು. 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನರ ಆನೆ ಚಿತ್ರದ ನಾಣ್ಯಗಳಲ್ಲಿ, ಶ್ರೀರಂಗಪಟ್ಟಣದಲ್ಲಿ ಅಚ್ಚಾದವುಗಳ ಮೇಲೆ ಊರಿನ ಹೆಸರಿನ ಜೊತೆಗೆ ಇರುವುದೂ ಇದೇ ಪದ. ನಾಣ್ಯವನ್ನೂ ಆಗ ಹೊಡೆದೇ ಅಚ್ಚು ಮಾಡುತ್ತಿದ್ದರಲ್ಲ. ಹಾಡು, ಲೆಕ್ಕ, ದುಡ್ಡು ಮೂರಕ್ಕೂ ಒಂದೇ ಹೊಡೆತ.

ಇಷ್ಟನ್ನೂ ದಾದಿಗೆ ಉತ್ಸಾಹದಿಂದ ಹೇಳಿದೆ. ಅವರು ಅಕ್ಕಿ ಆರಿಸುತ್ತಾ, "ಅಚ್ಛಾ" ಎಂದರು, ಅಷ್ಟೇ.

ಅದೇ ವಾರ ನಮ್ಮ ಫುಪ್ಪುವಿನ ಮಗಳ ಮೆಹಂದಿ. ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಹಾಡು ಶುರು ಮಾಡಿದರೂ ತಾಳ ಕೂಡುತ್ತಿರಲಿಲ್ಲ. ಯಾರೋ ಢೋಲಕ್ಕನ್ನು ದಾದಿಯ ಮುಂದೆ ತಳ್ಳಿದರು. ದಾದಿ ಸೊಂಟದ ಬಟುವಾದಿಂದ ಕಬ್ಬಿಣದ ಉಂಗುರ ತೆಗೆದು ಬಲಗೈ ಹೆಬ್ಬೆರಳಿಗೆ ಹಾಕಿಕೊಂಡರು. ಎಡಗೈ ಅಂಗೈ ದೊಡ್ಡ ಬಾಯಿಯ ಮೇಲೆ, ಬಲಗೈ ಬೆರಳು ಸಣ್ಣ ಬಾಯಿಯ ಮೇಲೆ. ನಡುನಡುವೆ ಉಂಗುರ ಮರದ ಅಂಚಿಗೆ ತಗುಲಿ ಟಕ್, ಟಕ್. ಅಡುಗೆ ಮನೆಯಲ್ಲಿದ್ದವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಮೆಹಂದಿ ಹಚ್ಚಿಕೊಳ್ಳದ ಆ ಕೈಯಲ್ಲಿ, ಉಂಗುರದ ಮೇಲ್ಗಡೆ, ಬ್ಯಾಂಕಿನ ನೀಲಿ ಶಾಯಿ ಇನ್ನೂ ಸ್ವಲ್ಪ ಉಳಿದಿತ್ತು.