ಮುಂಡಗೋಡದ ಮೊಮೊ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಬಳಿಯಲ್ಲಿ ತಿಬೇಟಿನ ನಿರಾಶ್ರಿತರ ವಸಾಹತು 1966ರಲ್ಲಿ ಸ್ಥಾಪಿತವಾಯಿತು. ಗಾಡೆನ್, ಡ್ರೆಪುಂಗ್ ಎಂಬ ಬೌದ್ಧ ವಿಹಾರಗಳನ್ನು ನೋಡಬಂದ ಯಾತ್ರಿಕರು ಅಲ್ಲಿಯ ಚಿಕ್ಕ ಉಪಾಹಾರಗೃಹಗಳನ್ನೂ ಹೊಗುವುದುಂಟು.

ಮೊಮೊ ಎಂದರೆ ಮೈದಾಹಿಟ್ಟಿನ ಕಣಕದೊಳಗೆ ಎಲೆಕೋಸು, ಈರುಳ್ಳಿ ಇಲ್ಲವೆ ಮಾಂಸದ ಹೂರಣವನ್ನಿಟ್ಟು ಆವಿಯಲ್ಲಿ ಬೇಯಿಸಿದ ತಿಂಡಿ. “ನಮ್ಮ ಮನೆಯ ಕಡುಬೇ ವೇಷ ಬದಲಿಸಿ ಬಂದಿದೆ” ಎನ್ನುವರು ಕೆಲವರು. “ಬರಿಯ ಸಪ್ಪೆ, ಕೆಂಪು ಚಟ್ನಿಯಿಂದ ಮಾನ ಉಳಿಯಿತು” ಎನ್ನುವರು ಹಲವರು. ಮಳೆಗಾಲದಲ್ಲಿ ತಿಂದವರಾದರೋ ಅದರ ಬಿಸಿಯನ್ನೇ ಹೊಗಳುವರು. ಶಾಕಾಹಾರಿಗಳು ಹೂರಣವೇನೆಂದು ಮೊದಲೇ ಕೇಳಿ ತಿಳಿಯುವುದು ಲೇಸು.

ನಾಡನ್ನು ಬಿಟ್ಟುಬಂದ ಈ ಜನರು ತಮ್ಮ ಅಡಿಗೆಯನ್ನು ಬಿಡಲಿಲ್ಲ. ಅದರಿಂದಲೇ ಅವರಲ್ಲಿ ಕೆಲವರ ಜೀವನವೂ ಸಾಗುತ್ತಿದೆ. ವಾಚಕರು ರುಚಿಯ ತೀರ್ಪನ್ನು ಹೇಳುವಾಗ ಇದನ್ನೂ ನೆನೆಯಬೇಕು.