ಗೋದಾವರಿಯ ಆಚೆಗೆ: ಹತ್ತು ದಿನಗಳ ಒಂದು ರೈಲು ಪಯಣ

ಮುಳಬಾಗಿಲು ತಾಲ್ಲೂಕಿನ ತಾಯಲೂರಿಗೆ ರೈಲಿಲ್ಲ. ಇಡೀ ತಾಲ್ಲೂಕಿಗೇ ಇಲ್ಲ. ಕೋಲಾರ ಸೀಮೆಯ ಅಂಚನ್ನು ಮುಟ್ಟಿ ಹೋಗುವ ಜೋಲಾರ್‌ಪೇಟೆ–ಬೆಂಗಳೂರು ಹಳಿ 1864ರಷ್ಟು ಹಳೆಯದು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರನ್ನು ಬಹುಕಾಲ ಹೊತ್ತಿದ್ದ ಬಂಗಾರಪೇಟೆಯೇ ಇಂದಿಗೂ ಈ ಭಾಗದವರಿಗೆ ದೂರದೇಶದ ಬಾಗಿಲು. ತಾಯಲೂರಿನಿಂದ ಆ ಬಾಗಿಲನ್ನು ತಲುಪುವುದಕ್ಕೇ ಬಸ್ಸು ಹಿಡಿದು, ಇಳಿದು, ಇನ್ನೊಂದು ಬಸ್ಸಿಗೆ ಕಾಯಬೇಕು. ಹೀಗಾಗಿ ರೈಲು ಆ ಊರಿನವರ ನಿತ್ಯದ ವಾಹನವಲ್ಲ. ಅದು ತಿರುಪತಿಗೆ, ಮದುವೆಗೆ, ಆಸ್ಪತ್ರೆಗೆ, ಕೆಲಸ ಹುಡುಕಲು ಹೋಗುವವರದು.

ಆ ಊರಿನ ಒಬ್ಬ ಸಂಶೋಧನ ವಿದ್ಯಾರ್ಥಿ ಹತ್ತು ದಿನಗಳ ಕಾಲ ಒಬ್ಬನೇ, ಬೆನ್ನಿಗೊಂದು ಚೀಲ ಹೊತ್ತು, ರೈಲಿನಿಂದ ರೈಲಿಗೆ ಹಾರುತ್ತ ಸುತ್ತಿ ಬಂದ. ಕಾರಣ ವಿಚಿತ್ರವೆನಿಸಬಹುದು. ರಾಷ್ಟ್ರಕೂಟರ ಕಾಲದ ಕನ್ನಡವನ್ನು ಓದುತ್ತಿದ್ದ ಅವನಿಗೆ, ನಾಡಿನ ಮೇರೆಯನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸುವ ಕವಿರಾಜಮಾರ್ಗದ ಮಾತು ಪರೀಕ್ಷೆಯ ಉತ್ತರವಾಗಿ ಸಾಕಾಗಿಹೋಗಿತ್ತು. ಆ ದೂರ ಎಷ್ಟೆಂದು ಮೈಗೆ ತಿಳಿಯಬೇಕೆಂಬುದು ಅವನ ಹಟ. ವಿದ್ಯಾರ್ಥಿವೇತನದಲ್ಲಿ ಉಳಿದಿದ್ದ ಅಲ್ಪ ಹಣ, ಅರೆಕಾಲಿಕ ಪಾಠದ ಕೆಲಸದಿಂದ ದೊರೆತ ಹತ್ತು ದಿನಗಳ ಬಿಡುವು. ಇಷ್ಟರಲ್ಲಿ ಮಳಖೇಡ, ಎಲ್ಲೋರ, ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾ, ತೆಲಂಗಾಣದ ಕುರ್ಕ್ಯಾಲ, ನಾಲ್ಕೂ ಮುಗಿಯಬೇಕು. ವಿವೇಕಿಗಳು ಇದಕ್ಕೆ ಒಂದು ತಿಂಗಳು ಇಡುತ್ತಿದ್ದರು. ಚಾತುರ್ಮಾಸ್ಯದ ನಾಲ್ಕು ತಿಂಗಳು ಒಂದೆಡೆ ನಿಂತು, ಉಳಿದ ಕಾಲವನ್ನು ಬರಿಗಾಲಲ್ಲಿ ನಡೆಯುವ ಮುನಿಗಳು ಇದಕ್ಕೆ ವರ್ಷಗಳನ್ನೇ ಇಡುತ್ತಾರೆ. ಆದರೆ ಸಾಮಾನ್ಯ ದರ್ಜೆಯ ಟಿಕೆಟ್ಟಿನ ವಿದ್ಯಾರ್ಥಿಗೆ ಅವಸರವೆಂಬುದು ಆಯ್ಕೆಯಲ್ಲ, ಲೆಕ್ಕಾಚಾರ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹೊರಟ ರಾತ್ರಿ ಅವನು ನಿದ್ರಿಸಲಿಲ್ಲ. ತುಂಗಭದ್ರೆಯೂ ಕೃಷ್ಣೆಯೂ ಕತ್ತಲೆಯಲ್ಲಿ ಬರುತ್ತವೆಂದು ತಿಳಿದಿತ್ತು. ಸೇತುವೆಯ ಕಬ್ಬಿಣ ಗುಡುಗಿದಾಗ ಎದ್ದು ಬಾಗಿಲ ಬಳಿ ನಿಂತ. ನೀರು ಕಾಣಲಿಲ್ಲ, ತಣ್ಣನೆಯ ಗಾಳಿ ಮಾತ್ರ ಮುಖಕ್ಕೆ ಬಡಿಯಿತು. ಬೆಳಗ್ಗೆ ಕಲಬುರಗಿ. ಅಲ್ಲಿಂದ ಸೇಡಂ ಕಡೆಯ ಬಸ್ಸಿನಲ್ಲಿ ಮಳಖೇಡ. ಅಮೋಘವರ್ಷನ ರಾಜಧಾನಿ ಇಂದು ಕಾಗಿಣಾ ನದಿಯ ದಡದ ಒಂದು ಮುರಿದ ಕೋಟೆ, ಒಂದು ನೇಮಿನಾಥ ಬಸದಿ, ಜಯತೀರ್ಥರ ಬೃಂದಾವನ, ಸುತ್ತ ತೊಗರಿಯ ಹೊಲ. ಶ್ರೀವಿಜಯನೂ ಅಪಭ್ರಂಶದ ಪುಷ್ಪದಂತನೂ ಬಾಳಿದ ಊರು ಇದೇ ಎಂದು ನೆನಪಿಗೆ ತಂದುಕೊಳ್ಳಲು ಅವನಿಗೆ ಶ್ರಮವಾಯಿತು. ಆ ರಾತ್ರಿ ಕಲಬುರಗಿಯ ಪ್ಲಾಟ್‌ಫಾರಂನಲ್ಲಿ ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಮಲಗಿದ.

ಮರುದಿನ ಗೋದಾವರಿ. ದೌಂಡಿನಿಂದ ಮನಮಾಡಿಗೆ ಹೋಗುವ ಹಳಿ ಪುಣತಾಂಬೆ ಕೋಪರಗಾಂವ್‌ಗಳ ನಡುವೆ ಅದನ್ನು ದಾಟುತ್ತದೆ. ಇಳಿಬಿಸಿಲಿನಲ್ಲಿ ನದಿ ಕಂಡದ್ದು ಅರ್ಧ ನಿಮಿಷ: ಕಬ್ಬಿನ ಹೊಲ, ಮರಳು, ನಡುವೆ ಮಂದವಾದ ನೀರು, ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು. ಎದುರಿನ ಸೀಟಿನ ಈರುಳ್ಳಿ ವ್ಯಾಪಾರಿ ತಲೆಯೆತ್ತಿಯೂ ನೋಡಲಿಲ್ಲ. ವಿದ್ಯಾರ್ಥಿಗೆ ಗಂಟಲು ಕಟ್ಟಿತು. ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಲಾಕ್ಷಣಿಕ ತನ್ನ ನುಡಿ ಇಲ್ಲಿಯವರೆಗೆ ಎಂದು ಕೈ ತೋರಿಸಿದ್ದ. ಆ ಕೈ ತೋರಿಸಿದ ಜಾಗಕ್ಕೆ ಬರಲು ಯಂತ್ರಕ್ಕೇ ಇಡೀ ರಾತ್ರಿಯೂ ಬಹುಪಾಲು ಹಗಲೂ ಹಿಡಿದಿತ್ತು. ಪುಸ್ತಕದಲ್ಲಿ ಒಂದು ಸಾಲಾಗಿದ್ದುದು ಬೆನ್ನುಮೂಳೆಯ ನೋವಾಗಿ, ಬಾತ ಪಾದವಾಗಿ ಅರ್ಥವಾಗತೊಡಗಿತು.

ಎಲ್ಲೋರದ ಬಗೆಗೆ ಹೆಚ್ಚು ಹೇಳಬೇಕಿಲ್ಲ, ಹೇಳಿದವರು ಸಾಕಷ್ಟಿದ್ದಾರೆ. ಒಂದನೆಯ ಕೃಷ್ಣನ ಹೆಸರಿನೊಡನೆ ಹೇಳಲಾಗುವ ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕಡೆದು ಇಳಿಸಿದ್ದಾರೆ. ದಣಿದವನಿಗೆ ಆ ವಿಧಾನವೇ ಮುಖ್ಯವಾಗಿ ಕಂಡಿತು: ಅವಸರದಿಂದ ಆಗದ ಕೆಲಸ, ಅವಸರದಲ್ಲಿ ನೋಡಿದರೂ ಅವಸರವನ್ನು ಒಪ್ಪದ ಕೆಲಸ. ಜೈನ ಗುಹೆಗಳ ನೆರಳಿನಲ್ಲಿ ಒಂದು ಗಂಟೆ ಕುಳಿತ. ಕುಳಿತಿದ್ದರೂ ನೆಲ ರೈಲಿನಂತೆ ತೂಗುತ್ತಿತ್ತು. ಆ ತೂಗಾಟ ಅಲ್ಲಿಂದ ಮುಂದೆ ಅವನನ್ನು ಬಿಡಲಿಲ್ಲ. ವಾರದ ಹೆಸರುಗಳು ಮರೆತುಹೋದವು. ಟೀ ಮಾರುವವರ ಕೂಗು, ತಿಂಡಿಯ ಬುಟ್ಟಿ, ಬೋರ್ಡಿನ ಲಿಪಿ, ಇವು ಮಾತ್ರ ಪ್ರದೇಶಗಳನ್ನು ಹೇಳುತ್ತಿದ್ದವು: ಇಡ್ಲಿ ಹೋಗಿ ಅವಲಕ್ಕಿ ಬಂತು, ಅವಲಕ್ಕಿ ಹೋಗಿ ಸಮೋಸ ಬಂತು, ಕನ್ನಡದ ದುಂಡು ಅಕ್ಷರ ಹೋಗಿ ನಾಗರಿಯ ಗೆರೆ ಉಳಿಯಿತು.

ಈ ಪಯಣದ ಮುಖ್ಯ ಗುರಿ ಜೂರಾ. ಸಂಗೀತಪ್ರಿಯರಿಗೆ ಮೈಹರ್ ಎಂದರೆ ಅಲ್ಲಾವುದ್ದೀನ್ ಖಾನರ ಊರು; ಶಾಸನಾಭ್ಯಾಸಿಗಳಿಗೆ ಅದರ ಬಳಿಯ ಜೂರಾ ಮೂರನೆಯ ಕೃಷ್ಣನ ಕನ್ನಡ ಪ್ರಶಸ್ತಿ ದೊರೆತ ಸ್ಥಳ. ನರ್ಮದೆಗೂ ಉತ್ತರಕ್ಕೆ, ಕನ್ನಡ ಬಲ್ಲವರೇ ಇಲ್ಲದ ನೆಲದಲ್ಲಿ ಹತ್ತನೆಯ ಶತಮಾನದ ಒಬ್ಬ ಅರಸ ತನ್ನ ಗೆಲವನ್ನು ಕನ್ನಡದಲ್ಲಿ ಕಲ್ಲಿಗೇರಿಸಿದ. ಯಾರು ಓದಲೆಂದು? ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಸುಲಭವಲ್ಲ. ದಂಡಿನೊಡನೆ ಹೋಗಿದ್ದ ಕನ್ನಡಿಗರು ಓದಲೆಂದೇ ಬರೆಸಿರಬೇಕು ಎನ್ನಬಹುದು. ಊರಿನಿಂದ ಬಹುದೂರ ಬಂದು ದಣಿದ ಸೈನಿಕರಿಗೆ ತಮ್ಮ ಅಕ್ಷರ ಕಾಣುವುದೇನೆಂದು ಪುಸ್ತಕದ ಮುಂದೆ ಕುಳಿತು ಊಹಿಸುವುದು ಕಷ್ಟ.

ಸಂಜೆ ಮೈಹರ್ ಮುಟ್ಟಬೇಕಾಗಿದ್ದ ರೈಲು ಇಟಾರ್ಸಿಯಲ್ಲಿಯೇ ಗಂಟೆಗಟ್ಟಲೆ ತಡವಾಗಿತ್ತು. ಜಬಲ್‌ಪುರದವರೆಗೆ ಅವನು ನಿಂತೇ ಇದ್ದ. ಅಲ್ಲಿ ಮೇಲಿನ ಹಲಗೆಯೊಂದು ಖಾಲಿಯಾಯಿತು. ಕಟ್ನಿ ದಾಟಿದ್ದು ನೆನಪಿದೆ. ಮುಂದಿನ ನೆನಪು ಸತನಾ. ಮೈಹರ್ ಹಿಂದೆ ಉಳಿದಿತ್ತು. ನಡುರಾತ್ರಿ ಕಳೆದಿತ್ತು, ಹಿಂದಕ್ಕೆ ಹೋಗುವ ಗಾಡಿಗೆ ಕಾಯಲೆಂದು ಕಲ್ಲುಬೆಂಚಿನ ಮೇಲೆ ಕುಳಿತ. ಆ ಗಾಡಿ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಬೆಂಚಿನ ಮೇಲಿತ್ತು. ದಕ್ಷಿಣಕ್ಕೆ ಅವನು ಕಾಯ್ದಿರಿಸಿದ್ದ ಒಂದೇ ಗಾಡಿಗೆ ಹೊತ್ತಾಗಿತ್ತು. ಅದನ್ನು ಬಿಟ್ಟರೆ ಕುರ್ಕ್ಯಾಲವೂ ಇಲ್ಲ, ಅರೆಕಾಲಿಕ ಕೆಲಸವೂ ಇಲ್ಲ. ಅದೇ ಹಳಿಯ ಮೇಲೆ ಹಗಲಿನಲ್ಲಿ ಮರಳುವಾಗ ಮೈಹರಿನ ಶಾರದಾದೇವಿಯ ಬೆಟ್ಟ ದೂರದಲ್ಲಿ ಕಂಡಿತು. ಅದರ ಸುತ್ತಲಿನ ಹೊಲಗಳನ್ನು ಕಣ್ಣು ಸೋಲುವವರೆಗೆ ನೋಡಿದ. ಯಾವುದು ಜೂರಾದ ದಿಕ್ಕು ಎಂದು ಕೇಳಿದರೆ ಪಕ್ಕದವರಿಗೆ ತಿಳಿಯಲಿಲ್ಲ.

ನಾಗಪುರ ದಾಟಿ, ಬಲ್ಹಾರ್‌ಷಾ ದಾಟಿ, ಸಿರ್ಪುರ್ ಕಾಗಜ್‌ನಗರದ ಬೋರ್ಡಿನಲ್ಲಿ ತೆಲುಗು ಅಕ್ಷರ ಕಂಡಾಗ ಆದ ಸಂತೋಷವನ್ನು ಅವನು ಮುಂದೆ ಸಂಕೋಚದಿಂದಲೇ ಹೇಳುತ್ತಿದ್ದ. ತಲೆಕಟ್ಟಿನ ಆ ದುಂಡುಗಳನ್ನು ಅರೆನಿದ್ರೆಯ ಕಣ್ಣು ಒಂದು ಕ್ಷಣ ಕನ್ನಡವೆಂದೇ ಓದಿತ್ತು. ಸಂಕೋಚಕ್ಕೆ ಬೇರೆಯೇ ಕಾರಣವಿತ್ತು. ತಾಯಲೂರಿನ ಅನೇಕ ಮನೆಗಳಂತೆ ಅವನ ಮನೆಯ ಮಾತೂ ತೆಲುಗು, ಶಾಲೆಯ ಮಾತು ಕನ್ನಡ. ಆಂಧ್ರದ ಗಡಿಗೆ ಹತ್ತಿರದ ಆ ಸೀಮೆಯಲ್ಲಿ ಇದು ವಿಶೇಷವೇ ಅಲ್ಲ. ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಅವನ ಉಚ್ಚಾರಣೆ ನಗೆಗೆ ವಸ್ತುವಾಗಿತ್ತು. ಕನ್ನಡ ಓದುವವನು ಮನೆಗೆ ಫೋನು ಮಾಡುವಾಗ ವರಾಂಡದ ತುದಿಗೆ ಹೋಗುತ್ತಿದ್ದ.

ಮಂಚಿರ್ಯಾಲದ ಬಳಿ ಗೋದಾವರಿ ಮತ್ತೊಮ್ಮೆ ಬಂತು. ಈ ಬಾರಿ ಅಗಲವಾಗಿ, ಬೇರೆಯೇ ನದಿಯೆಂಬಂತೆ. ಪೆದ್ದಪಲ್ಲಿಯಲ್ಲಿ ಇಳಿದು, ಕರೀಂನಗರದ ಮೂಲಕ ಗಂಗಾಧರದ ಕಡೆಗೆ ಹೋಗಿ ಕುರ್ಕ್ಯಾಲದ ಬೊಮ್ಮಲಗುಟ್ಟವನ್ನು ಏರಿದಾಗ ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಬಂಡೆಯ ಮೇಲೆ ತೀರ್ಥಂಕರರು, ಚಕ್ರೇಶ್ವರಿ. ಜೊತೆಗೆ ಪಂಪನ ತಮ್ಮ ಜಿನವಲ್ಲಭನ ಶಾಸನ. ಆದಿಕವಿಯ ವಂಶ, ವೆಂಗಿನಾಡಿನ ಮೂಲ, ಅರಿಕೇಸರಿ ಕೊಟ್ಟ ಧರ್ಮವುರದ ದತ್ತಿ, ಅಣ್ಣನ ಬಿರುದನ್ನೇ ಹೆಸರಾಗಿ ಹೊತ್ತ ಕವಿತಾಗುಣಾರ್ಣವವೆಂಬ ಕೆರೆ, ಇವೆಲ್ಲ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಆ ಬಂಡೆಯ ಮುಂದೆ ನಿಂತಾಗ ಅವನಿಗೆ ಹೊಸದಾಗಿ ತೋರಿದ್ದು, ತರಗತಿಯಲ್ಲಿ ಹತ್ತು ಸಲ ಕೇಳಿದ್ದ ಒಂದು ಸಂಗತಿ: ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಕನ್ನಡವನ್ನೂ ತೆಲುಗನ್ನೂ ಬರೆಯಲು ಬಳಸಿದ ಲಿಪಿ ಒಂದೇ. ಕಂಡರಣೆಗಾರನ ಉಳಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಅಕ್ಷರ ಬದಲಿಸಬೇಕಾಗಿರಲಿಲ್ಲ. ತೆಲುಗು ಕಂದಪದ್ಯಗಳ ಪ್ರಾಚೀನ ಮಾದರಿಗಳೆಂದು ತೆಲುಗು ವಿದ್ವಾಂಸರು ಮನ್ನಿಸುವ ಪದ್ಯಗಳು, ಕನ್ನಡದ ಆದಿಕವಿಯ ಕೀರ್ತಿಯ ಪಕ್ಕದಲ್ಲಿಯೇ, ಅವನ ತಮ್ಮನ ಶಾಸನದಲ್ಲಿಯೇ ಇವೆ.

ಅವನು ಅಲ್ಲಿಂದಲೇ ತಾಯಿಗೆ ಫೋನು ಮಾಡಿದ. ಸುತ್ತ ಯಾರೂ ಇರಲಿಲ್ಲವೆಂಬುದೂ ನಿಜ. ಆದರೆ ಇದ್ದಿದ್ದರೂ ಮಾಡುತ್ತಿದ್ದ ಎಂದೇ ಅವನ ನಂಬಿಕೆ. ಕಲ್ಲಿನ ಮೇಲೆ ಏನಿದೆ ಎಂದು ಆಕೆ ಕೇಳಿದಾಗ, ಅಣ್ಣನ ಬಗ್ಗೆ ತಮ್ಮ ಬರೆಸಿದ್ದಾನೆ, ಎರಡು ಮಾತೂ ಇವೆ ಎಂದು ತೆಲುಗಿನಲ್ಲಿ ಹೇಳಿದ. ಊಟ ಮಾಡಿದೆಯಾ ಎಂಬುದು ಆಕೆಯ ಮುಂದಿನ ಪ್ರಶ್ನೆಯಾಗಿತ್ತು.

ಇಂಥ ಓಟದ ಪಯಣವನ್ನು ವಿದ್ವತ್ತಿನ ಮಾದರಿಯೆನ್ನಲಾಗದು. ಒಂದು ಶಾಸನದ ಪಾಠವನ್ನು ಪರಿಶೀಲಿಸಲು ಅದರ ಮುಂದೆ ದಿನಗಟ್ಟಲೆ ಕೂರಬೇಕು. ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು 1905ರಲ್ಲಿ ಹೊರತಂದ ರೈಸರ ಹಿಂದೆ ಹಳ್ಳಿಹಳ್ಳಿಗಳಲ್ಲಿ ಅಂಥ ನಿಧಾನದ ಕೆಲಸವಿತ್ತು. ಆದರೆ ನಿಧಾನವಾಗಿ ನೋಡಿದವರಿಗೆ ಒಂದೊಂದು ಕಲ್ಲು ದಕ್ಕುತ್ತದೆ. ಕಲ್ಲುಗಳ ನಡುವಿನ ದೂರ ದಕ್ಕಬೇಕಾದರೆ ಒಂದೇ ಉಸಿರಿನಲ್ಲಿ ಹಾಯಬೇಕಾಗುತ್ತದೆ. ಆ ದೂರದಲ್ಲಿ ಭಾಷೆ ಎಲ್ಲಿಯೂ ಗೆರೆ ಕೊರೆದಂತೆ ನಿಲ್ಲುವುದಿಲ್ಲ, ಬೋಗಿಯಿಂದ ಬೋಗಿಗೆ ಮಸುಕಾಗುತ್ತ, ಮತ್ತೊಂದರಲ್ಲಿ ಕೂಡುತ್ತ ಹೋಗುತ್ತದೆ ಎಂಬುದನ್ನು ಭೂಪಟ ತೋರಿಸಲಾರದು.

ವಾರಂಗಲ್, ವಿಜಯವಾಡಗಳ ಮೂಲಕ ಮರಳುವ ಗಾಡಿ ಅರಕ್ಕೋಣವನ್ನು ಹಾದುಬಂತು. 949ರಲ್ಲಿ ಮೂರನೆಯ ಕೃಷ್ಣನ ಪಡೆ ಚೋಳ ರಾಜಾದಿತ್ಯನನ್ನು ಕೊಂದ ತಕ್ಕೋಲ ಅಲ್ಲಿಗೆ ಸಮೀಪ. ಅದೇ ಅರಸನ ಉತ್ತರದ ತುದಿಯಲ್ಲಿ ನಿದ್ರಿಸಿದ್ದವನು ದಕ್ಷಿಣದ ತುದಿಯಲ್ಲಿ ಎಚ್ಚರವಾಗಿದ್ದ. ಕಾಟ್ಪಾಡಿ, ಜೋಲಾರ್‌ಪೇಟೆ, ಕುಪ್ಪಂ ದಾಟಿ ಬಂಗಾರಪೇಟೆಯಲ್ಲಿ ಇಳಿದಾಗ ಕಾಲು ನೆಲದ ಮೇಲೆ ಸರಿಯಾಗಿ ನಿಲ್ಲಲಿಲ್ಲ. ಅವನ ಟಿಪ್ಪಣಿ ಪುಸ್ತಕದಲ್ಲಿ ಮಳಖೇಡಕ್ಕೆ ಮೂರು ಪುಟ, ಎಲ್ಲೋರಕ್ಕೆ ಎರಡು, ಕುರ್ಕ್ಯಾಲಕ್ಕೆ ಹನ್ನೊಂದು. ಜೂರಾ ಎಂದು ತಲೆಬರೆಹವಿಟ್ಟ ಪುಟದಲ್ಲಿ ಸತನಾದಿಂದ ಮೈಹರಿಗೆ ಹೋಗುವ ಬೆಳಗಿನ ಗಾಡಿಗಳ ವೇಳೆ ಮಾತ್ರ ಇದೆ.